ಬೋನಸ್ ಯಾರಿಗೆ, ದುಡ್ಡು ಯಾರದು?

ಠಾಣೆ ದಾಟಿ ಕಳವಾ, ಡೊಂಬಿವಲಿ, ಕಲ್ಯಾಣದ ಕಡೆ ಹೋಗುವ ಮುಂಬೈ ಲೋಕಲ್ ರೈಲಿನಲ್ಲಿ ಮೊಬೈಲೇ ಸಂಗಾತಿ. ಆ ಮೊಬೈಲಿಗೇ ಪೋಕರ್, ರಮ್ಮಿ ಆ್ಯಪ್‌ಗಳ 'ಸ್ವಾಗತ ಬೋನಸ್' ವರ್ಷಗಟ್ಟಲೆ ಬಂದು ಬೀಳುತ್ತಿತ್ತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ್ದಿರಲಿ ಅದೃಷ್ಟದ್ದಿರಲಿ, ಹಣ ಕಟ್ಟುವ ಆಟಗಳನ್ನೆಲ್ಲ ನಿಷೇಧಿಸಿತು. ಆದರೂ ವಾದ ಮಾತ್ರ 'ಪೋಕರ್ ಕೌಶಲದ ಆಟವೇ?' ಎಂಬಲ್ಲೇ ಗಿರಕಿ ಹೊಡೆಯುತ್ತಿದೆ. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟ್ ರಾಜ್ಯದ ನಿಷೇಧವನ್ನು ರದ್ದು ಮಾಡಿದಾಗಲೂ ಮುಖ್ಯವಾಗಿದ್ದುದು ಇದೇ ಪ್ರಶ್ನೆ. ಕೌಶಲದ ಆಟ ಎಂಬುದನ್ನು ನಾನು ಒಪ್ಪುತ್ತೇನೆ. ಒಪ್ಪಿದರೆ, ಪಳಗಿದವರೆದುರು ಕೂತ ಹೊಸಬ ಇಂದಲ್ಲ ನಾಳೆ ಸೋಲುವುದು ಖಚಿತ ಎಂದೂ ಒಪ್ಪಬೇಕು.

ಯಾರು ಗೆದ್ದರೂ ಆಡಿಸುವವರ ಪಾಲು ಮೊದಲೇ ಕಡಿತವಾಗುತ್ತದೆ. ಅದಕ್ಕೆ ರೇಕ್ ಎನ್ನುತ್ತಾರೆ. ಆರು ಜನ ತಲಾ 1,000 ರೂಪಾಯಿ ಇಟ್ಟು ಕೂತರೆಂದುಕೊಳ್ಳಿ. ಪ್ರತಿ ಆಟದಲ್ಲಿ ಒಟ್ಟು 200 ರೂಪಾಯಿ ಪಣ, ಶೇ 5ರ ರೇಕ್, ತಾಸಿಗೆ 60 ಆಟ. ಒಂದೇ ತಾಸಿನಲ್ಲಿ 600 ರೂಪಾಯಿ, ಅಂದರೆ ಮೇಜಿನ ಮೇಲಿದ್ದ ಹಣದ ಹತ್ತನೇ ಒಂದು ಭಾಗ, ಮಾಯ. ಏಕಕಾಲಕ್ಕೆ ನಾಲ್ಕಾರು ಮೇಜುಗಳಲ್ಲಿ ಆಡುವ ವೃತ್ತಿಪರನಿಗೆ ಇದರಲ್ಲೊಂದಿಷ್ಟು 'ರೇಕ್‌ಬ್ಯಾಕ್' ಆಗಿ ಮರಳುತ್ತದೆ. ಹೊಸಬನ ಬೋನಸ್ ಹಾಗಲ್ಲ. ಸಾಮಾನ್ಯವಾಗಿ ಆಡಿ ರೇಕ್ ಕಟ್ಟಿದಷ್ಟೂ ಚೂರುಚೂರಾಗಿ ಕೈಗೆ ಸಿಗುತ್ತದೆ. ಹೊಸಬರು ಬೇಗ ಬರಿಗೈಯಾದರೆ ಮೇಜು ಖಾಲಿ. ಇದು ಕಂಪನಿಗಳಿಗೂ ಗೊತ್ತು. ಆನ್‌ಲೈನ್ ಪೋಕರ್ ಕಂಪನಿ ಪೋಕರ್‌ಸ್ಟಾರ್ಸ್ 2015ರಲ್ಲಿ ಅತಿ ಹೆಚ್ಚು ಆಡುವವರ 'ಸೂಪರ್‌ನೋವಾ ಎಲೀಟ್' ಸವಲತ್ತನ್ನು ನಿಲ್ಲಿಸಲು ಹೊರಟಾಗ ಅವರಲ್ಲಿ ಹಲವರು ಆಟವನ್ನೇ ಬಹಿಷ್ಕರಿಸಿದರು. ಹೀಗೆ ವೃತ್ತಿಪರರನ್ನು ಬಿಟ್ಟು ಹವ್ಯಾಸಿಗಳತ್ತ ಕಂಪನಿ ತಿರುಗಿದ್ದನ್ನು ಕರುಣೆ ಎನ್ನಲಾರೆ. ಹಣ ತರುವವನು ಇನ್ನಷ್ಟು ಹೊತ್ತು ಕೂತಿರಲಿ ಎಂಬ ಲೆಕ್ಕ ಅದು.

ವಯಸ್ಕರು ತಮ್ಮ ದುಡ್ಡಿನಲ್ಲಿ ಆಡಿದರೆ ಸರ್ಕಾರಕ್ಕೇನು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಬೆಲೆ ಗೊತ್ತಿದ್ದರೆ ತಾನೆ ಆಯ್ಕೆ? ಯಾರು ಎಷ್ಟು ಸೋತರೆಂಬ ಲೆಕ್ಕ ಕಂಪನಿಯ ಬಳಿ ಪೈಸೆ ಪೈಸೆಗೂ ಇರುತ್ತದೆ. ತಿಂಗಳ ಕೊನೆಗೆ ಊರಿಗೆ ಹಣ ಕಳಿಸಬೇಕಾದ ಡೊಂಬಿವಲಿಯ ಹೋಟೆಲ್ ಹುಡುಗನ ಕಣ್ಣಿಗೆ ಬೀಳುತ್ತಿದ್ದುದು ಬೋನಸ್ ಮಾತ್ರ. ನಿಷೇಧದಿಂದ ಜನ ವಿದೇಶಿ ತಾಣಗಳಿಗೆ ಜಾರುತ್ತಾರೆ ಎಂಬ ಇನ್ನೊಂದು ಮಾತಿನಲ್ಲಿ ನಿಜವಿದೆ. ಅಲ್ಲಿ ಮೋಸವಾದರೆ ಕೇಳುವವರೂ ಇಲ್ಲ. ಕಾಯ್ದೆ ವಿರುದ್ಧದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಆಟಕ್ಕೆ ಮತ್ತೆ ಬಾಗಿಲು ತೆರೆಯುವುದೇ ಆದರೆ, ಸೋಲುತ್ತಿರುವವರಿಗೆ ಬೋನಸ್ ಆಸೆ ತೋರಿಸುವುದು ಮೊದಲು ನಿಲ್ಲಬೇಕು. ಇದುವರೆಗೆ ಹಾಕಿದ್ದೆಷ್ಟು, ತೆಗೆದದ್ದೆಷ್ಟು, ರೇಕ್ ಎಷ್ಟು ಎಂಬುದು ಆ್ಯಪ್ ತೆರೆದೊಡನೆ ಕಾಣಬೇಕು, ಬೋನಸ್ ಮೊತ್ತ ಬರೆಯುವಷ್ಟೇ ದಪ್ಪ ಅಕ್ಷರದಲ್ಲಿ.