ಕೊಡಲಿಯ ತಾಳಕ್ಕೆ ಸಂದ ಸಂಭಾವನೆ

ಚಲಚ್ಚಿತ್ರ ಸಂಗೀತವೆಂದೊಡನೆ ಮೂಗು ಮುರಿಯುವ ರಸಿಕರು ಎಲ್ಲ ದೇಶಗಳಲ್ಲಿಯೂ ಉಂಟು. ಹಳ್ಳಿಯ ಹಾಡನ್ನು ಕದ್ದು, ಅದಕ್ಕೆ ಬಣ್ಣ ಬಳಿದು ಪೇಟೆಯಲ್ಲಿ ಮಾರುವುದೇ ಸಿನಿಮಾದ ಕಸುಬೆಂಬುದು ಅವರ ದೂರು. ದೂರಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. 1972ರಲ್ಲಿ ತೆರೆಕಂಡ ‘ಡೆಲಿವರೆನ್ಸ್’ ಎಂಬ ಅಮೆರಿಕನ್ ಚಿತ್ರದಲ್ಲಿ ಗಿಟಾರ್ ಮತ್ತು ಬ್ಯಾಂಜೊಗಳ ಜುಗಲ್‌ಬಂದಿಯೊಂದು ಬರುತ್ತದೆ. ಜಗತ್ತೆಲ್ಲ ಅದಕ್ಕೆ ತಲೆದೂಗಿತು. ಆದರೆ 1955ರಲ್ಲಿಯೇ ಆ ಕೃತಿಯನ್ನು ರಚಿಸಿ ಧ್ವನಿಮುದ್ರಿಸಿದ್ದ ಆರ್ಥರ್ ಸ್ಮಿತ್‌ನ ಹೆಸರೇ ಚಿತ್ರದಲ್ಲಿರಲಿಲ್ಲ. ಆತ ನ್ಯಾಯಸ್ಥಾನದ ಮೆಟ್ಟಿಲೇರಿ ತನ್ನ ಹಕ್ಕನ್ನು ಗೆದ್ದುಕೊಳ್ಳಬೇಕಾಯಿತು.

ಹೀಗಿದ್ದರೂ, ಒಳ್ಳೆಯ ಹಳ್ಳಿಗಾಡಿನ ಸಂಗೀತವನ್ನು ಅರಸುವವರು ಹಾಲಿವುಡ್ಡಿನ ಬಾಗಿಲಿಗೂ ಹೋಗಿ ನಿಲ್ಲಬೇಕೆಂಬುದನ್ನು 2000ದ ಇಸವಿಯ ಚಿತ್ರವೊಂದು ತೋರಿಸಿಕೊಟ್ಟಿತು. ಅದು ಕೋಯೆನ್ ಸೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’. ಹೋಮರನ ‘ಒಡಿಸ್ಸಿ’ಯ ನೆರಳು ಹಿಡಿದು, 1937ರ ಮಿಸಿಸಿಪ್ಪಿಯಲ್ಲಿ ಸೆರೆಯಿಂದ ಪಾರಾದ ಮೂವರು ಕೈದಿಗಳ ಅಲೆದಾಟವನ್ನು ಹೇಳುವ ಹಾಸ್ಯಚಿತ್ರ. ಸಂಗೀತದ ಹೊಣೆ ಹೊತ್ತವನು ಟಿ-ಬೋನ್ ಬರ್ನೆಟ್. ಆತ ಚಿತ್ರೀಕರಣಕ್ಕೆ ಮುನ್ನವೇ ಹಾಡುಗಳನ್ನು ಮುದ್ರಿಸಿದನು. ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು. ಕೆಲವೆಡೆ ಬರಿಯ ಕಂಠ.

ನಾಯಕ ಜಾರ್ಜ್ ಕ್ಲೂನಿ ಹಾಡುವಂತೆ ತುಟಿಯಾಡಿಸುವ ‘ಮ್ಯಾನ್ ಆಫ್ ಕಾನ್‌ಸ್ಟಂಟ್ ಸಾರೊ’ ಎಂಬ ಗೀತೆಯ ದನಿ ಡ್ಯಾನ್ ಟಿಮಿನ್‌ಸ್ಕಿಯದು. ಗೀತೆಯೋ ಬಹು ಹಳೆಯದು. ಕೆಂಟಕಿಯ ಅಂಧ ಗಾಯಕ ಡಿಕ್ ಬರ್ನೆಟ್ ಸುಮಾರು 1913ರಲ್ಲಿ ಅಚ್ಚು ಹಾಕಿಸಿದ ಪದಗಳ ಪುಸ್ತಿಕೆಯಲ್ಲಿಯೇ ಅದು ಇತ್ತು. 1950ರಲ್ಲಿ ವರ್ಜೀನಿಯದ ಸ್ಟ್ಯಾನ್ಲಿ ಸೋದರರು ಅದನ್ನು ಮುದ್ರಿಸಿದ್ದರು. ಆ ಸೋದರರಲ್ಲಿ ಕಿರಿಯನಾದ ರಾಲ್ಫ್ ಸ್ಟ್ಯಾನ್ಲಿ ಈ ಚಿತ್ರದಲ್ಲಿ ವಾದ್ಯದ ಊರುಗೋಲಿಲ್ಲದೆ ಮೃತ್ಯುವನ್ನು ಕರೆದು ಬೇಡುವ ಹಾಡೊಂದನ್ನು ಹಾಡಿದ್ದಾನೆ. ಕರಿಯರನ್ನು ಕೊಲ್ಲಲು ನೆರೆದ ಮುಸುಕುಧಾರಿಗಳ ಸಭೆಯಲ್ಲಿ ಆ ದನಿ ಏಳುವಾಗ ಕೇಳುವವರ ಬೆನ್ನಿನಲ್ಲಿ ಚಳಿ ಹರಿಯುತ್ತದೆ. ನಗಿಸಲೆಂದೇ ತೆಗೆದ ಚಿತ್ರದಲ್ಲಿ ಇಂತಹ ಗಳಿಗೆ!

ರೇಡಿಯೋ ನಿಲಯಗಳು ಇದಾವುದನ್ನೂ ಹೆಚ್ಚಾಗಿ ಬಿತ್ತರಿಸಲಿಲ್ಲ. ಆದರೂ ಹಾಡುಗಳ ಮುದ್ರಿಕೆ ಅಮೆರಿಕದಲ್ಲಿಯೇ ಸುಮಾರು 80 ಲಕ್ಷ ಪ್ರತಿ ಖರ್ಚಾಯಿತು. 2002ರ ಫೆಬ್ರವರಿಯಲ್ಲಿ ವರ್ಷದ ಅತ್ಯುತ್ತಮ ಮುದ್ರಿಕೆಯೆಂದು ಗ್ರ್ಯಾಮಿ ಪಾರಿತೋಷಕ ಪಡೆಯಿತು. ಎಪ್ಪತ್ತೈದು ತುಂಬಿದ್ದ ಸ್ಟ್ಯಾನ್ಲಿಗೂ ಆ ಮೃತ್ಯುಗೀತೆಗಾಗಿ ಗ್ರ್ಯಾಮಿ ಬಂದಿತು.

ಆದರೆ ಈ ಕಥೆಯ ತಿರುಳು ಇರುವುದು ಚಿತ್ರದ ಮೊಟ್ಟಮೊದಲ ಹಾಡಿನಲ್ಲಿ. ಸರಪಳಿ ಬಿಗಿದ ಕೈದಿಗಳು ಕಲ್ಲು ಒಡೆಯುತ್ತ ‘ಪೊ ಲಾಜರಸ್’ ಎಂಬ ಪದವನ್ನು ಹಾಡುತ್ತಾರೆ. ಬೀಸುವ ಪದ, ಕುಟ್ಟುವ ಪದಗಳನ್ನು ಬಲ್ಲ ಕನ್ನಡಿಗರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ದುಡಿಮೆಯೇ ಅಲ್ಲಿ ತಾಳ. ಇದನ್ನು ಹಾಡಿದವರು ನಟರಲ್ಲ, ವೃತ್ತಿಗಾಯಕರೂ ಅಲ್ಲ. ಜನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1959ರಲ್ಲಿ ಮಿಸಿಸಿಪ್ಪಿಯ ಸೆರೆಮನೆಯೊಂದಕ್ಕೆ ಹೋಗಿ, ಸೌದೆ ಕಡಿಯುತ್ತಿದ್ದ ಕೈದಿಗಳಿಂದ ಮುದ್ರಿಸಿಕೊಂಡ ಹಾಡೇ ಅದು. ಪರದೆಯ ಮೇಲೆ ಕಾಣುವುದು ಸುತ್ತಿಗೆ. ಕಿವಿಗೆ ಬೀಳುವುದು ಕೊಡಲಿ.

ಮುಮ್ಮೇಳದಲ್ಲಿದ್ದವನು ಜೇಮ್ಸ್ ಕಾರ್ಟರ್. ಮುದ್ರಿಕೆಯ ಖ್ಯಾತಿ ಏರುತ್ತಿದ್ದಂತೆ ಲೋಮ್ಯಾಕ್ಸ್ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದವರು ಅವನಿಗಾಗಿ ಹುಡುಕಾಟ ನಡೆಸಿದರು. ಬದುಕಿದ್ದಾನೆಯೋ ಇಲ್ಲವೋ ಅವರಿಗೆ ತಿಳಿದಿರಲಿಲ್ಲ. ಕೊನೆಗೆ ಷಿಕಾಗೋ ನಗರದಲ್ಲಿ, ಪತ್ನಿ ಮಕ್ಕಳೊಡನೆ, ವೃದ್ಧ ಗೃಹಸ್ಥನಾಗಿ ಆತ ಸಿಕ್ಕಿದನು. ನಾಲ್ಕು ದಶಕಗಳ ಹಿಂದೆ ಹಾಡಿದ ಆ ಹಾಡು ಅವನ ನೆನಪಿನಲ್ಲಿಯೇ ಇರಲಿಲ್ಲ! ಲೋಮ್ಯಾಕ್ಸನ ಮಗಳು ಅಲ್ಲಿಗೆ ಹೋಗಿ ಇಪ್ಪತ್ತು ಸಾವಿರ ಡಾಲರುಗಳ ಚೆಕ್ಕನ್ನು ಅವನ ಕೈಗಿತ್ತಳು. ಗ್ರ್ಯಾಮಿ ಸಮಾರಂಭಕ್ಕೂ ಆತ ಕುಟುಂಬದೊಡನೆ ಹೋಗಿಬಂದನು. 2003ರ ನವೆಂಬರಿನಲ್ಲಿ ತೀರಿಕೊಂಡನು.

ಮುದ್ರಿಕೆಯ ಮೇಲೆ ಹಾಡುಗಾರರ ಹೆಸರನ್ನು ‘ಜೇಮ್ಸ್ ಕಾರ್ಟರ್ ಮತ್ತು ಕೈದಿಗಳು’ ಎಂದು ನಮೂದಿಸಿದ್ದಾರೆ. ಅವನ ದನಿಗೆ ದನಿಗೂಡಿಸಿ ಕೊಡಲಿ ಎತ್ತಿದ ಉಳಿದವರು ಅಲ್ಲಿ ಇಂದಿಗೂ ಬರಿಯ ಕೈದಿಗಳು.

ಇದೇ ಬರ್ನೆಟ್ ಮುಂದೆ 2003ರ ‘ಕೋಲ್ಡ್ ಮೌಂಟನ್’ ಚಿತ್ರಕ್ಕೂ ಸಂಗೀತ ಜೋಡಿಸಿಕೊಟ್ಟನು. ಅಲಬಾಮದ ಹಳ್ಳಿಯ ಇಗರ್ಜಿಯೊಂದರಲ್ಲಿ ಜನರು ಚೌಕವಾಗಿ ಎದುರುಬದುರು ಕುಳಿತು, ವಾದ್ಯವಿಲ್ಲದೆ, ನಾಲ್ಕು ಸ್ತರಗಳಲ್ಲಿ ಗಂಟಲೆತ್ತಿ ಹಾಡುವ ‘ಸೇಕ್ರೆಡ್ ಹಾರ್ಪ್’ ಪದ್ಧತಿಯ ಗಾಯನ ಅದರಲ್ಲಿದೆ. ನಯನಾಜೂಕು ಅಲ್ಲಿಲ್ಲ. ಚಿತ್ರವನ್ನು ನೋಡಲು ಬಿಡುವಿಲ್ಲದವರು ಆ ಹಾಡುಗಳನ್ನಾದರೂ ಕೇಳಬಹುದು.