ಬೆಲ್ಟು ಹೊರಗೆ, ಆಸನ ಒಳಗೆ

ಬಸದಿಯ ಮಹಾದ್ವಾರದಲ್ಲಿ ಚರ್ಮದ ವಸ್ತುಗಳನ್ನು ಒಳಗೆ ತರಬಾರದೆಂಬ ಫಲಕವಿರುತ್ತದೆ. ಶ್ರಾವಕನು ಅದನ್ನೋದಿ ಪಾದರಕ್ಷೆಯನ್ನು ಕಳಚುತ್ತಾನೆ, ಸೊಂಟದ ಬೆಲ್ಟನ್ನು ಬಿಚ್ಚುತ್ತಾನೆ, ಕಿಸೆಯಲ್ಲಿದ್ದ ತೊಗಲಿನ ಪರ್ಸನ್ನು ಚಾಲಕನ ಕೈಗೆ ಕೊಡುತ್ತಾನೆ. ಚಾಲಕನು ಇವನ್ನೆಲ್ಲ ಇಡುವುದೆಲ್ಲಿ? ಪ್ರಾಕಾರದೊಳಗೆ ನೆರಳಿನಲ್ಲಿ ನಿಂತಿರುವ ಕಾರಿನ ಆಸನದ ಮೇಲೆ. ಆ ಆಸನವೂ ತೊಗಲಿನದೇ. ಹೊಸ ಕಾರಾಗಿದ್ದರೆ ಅದೇ ಮುಂಜಾನೆ ಅದಕ್ಕೆ ಗಂಧಾಕ್ಷತೆಯನ್ನಿಟ್ಟು ಹಾರ ಹಾಕಿ ಪೂಜೆಯನ್ನೂ ಮಾಡಿಸಿರುತ್ತಾರೆ. ಎರಡು ಅಂಗುಲ ಅಗಲದ ಚರ್ಮಕ್ಕೆ ನಿಷೇಧ. ಐದು ಜನ ಕೂರುವಷ್ಟು ಚರ್ಮಕ್ಕೆ ಮಂಗಳಾರತಿ!

ಬೆಂಗಳೂರಿನ ಪೂರ್ವದ ಅಂಚಿನ ಕಾಡುಗೋಡಿ, ಹೋಪ್ ಫಾರಂ, ಚನ್ನಸಂದ್ರಗಳ ಕಡೆ ಸುತ್ತಾಡಿದವರಿಗೆ ಈ ಮಾತು ಅತಿಶಯವೆನಿಸದು. ತಂತ್ರಜ್ಞಾನದ ಕಚೇರಿಗಳು ಬಂದ ಮೇಲೆ ಜೈನ ಕುಟುಂಬಗಳೂ ಆ ಕಡೆ ನೆಲೆಸಿವೆ. 2023ರ ಮಾರ್ಚಿನಲ್ಲಿ ಮೆಟ್ರೊ ರೈಲು ಅಲ್ಲಿಗೆ ತಲುಪಿದರೂ ಕಾರಿನ ಮೋಹ ಕುಂದಿಲ್ಲ. ರಸ್ತೆಯ ಧೂಳಿನಿಂದ ವಾಟರ್ ಸರ್ವಿಸಿನ ಅಂಗಡಿಗಳಿಗೆ ಬಿಡುವಿಲ್ಲ. ಹೊರಮೈ ತೊಳೆದಾದ ಮೇಲೆ ಅಲ್ಲಿ ಕೇಳುವ ಪ್ರಶ್ನೆ ಒಂದೇ: ‘ಲೆದರ್ ಸೀಟಿಗೆ ಕಂಡೀಷನಿಂಗ್ ಮಾಡಬೇಕೇ?’ ಮಾಡಬೇಕು ಎಂಬ ಉತ್ತರವನ್ನು ಕಂದಮೂಲಗಳನ್ನೂ ಮುಟ್ಟದ ಮನೆಯವರು ಯೋಚಿಸದೆಯೇ ಕೊಟ್ಟುಬಿಡುತ್ತಾರೆ.

ಆ ಡಬ್ಬಿಯೊಳಗೆ ಏನಿದೆಯೆಂದು ವಿಚಾರಿಸಿದವರು ವಿರಳ. ತೊಗಲನ್ನು ಮೃದುವಾಗಿಡಲು ಬಹುಕಾಲದಿಂದ ಬಳಕೆಯಲ್ಲಿರುವ ದ್ರವ್ಯಗಳಲ್ಲಿ ನೀಟ್ಸ್‌ಫುಟ್ ಎಣ್ಣೆಯೊಂದು. ಅದನ್ನು ದನಗಳ ಕಾಲಿನ ಮೂಳೆಗಳನ್ನು ಕುದಿಸಿ ತೆಗೆಯುತ್ತಾರೆ. ಇನ್ನೊಂದು ಮಿಂಕ್ ಎಣ್ಣೆ. ತುಪ್ಪುಳಕ್ಕಾಗಿ ಪಂಜರದಲ್ಲಿ ಸಾಕಿ ಕೊಲ್ಲುವ ಪ್ರಾಣಿಯ ಕೊಬ್ಬು ಅದು. ಲ್ಯಾನೋಲಿನ್ ಎಂಬುದು ಕುರಿಯ ಉಣ್ಣೆಯನ್ನು ತೊಳೆದು ತೆಗೆದ ಜಿಡ್ಡು. ಜೇನುಮೇಣವಂತೂ ಮಧುತ್ಯಾಗ ಮಾಡಿದವರಿಗೆ ವಿವರಿಸಬೇಕಾದುದಲ್ಲ. ಎಲ್ಲ ಡಬ್ಬಿಗಳಲ್ಲಿಯೂ ಇವೆಲ್ಲ ಇರುತ್ತವೆಂದಲ್ಲ. ಕೃತಕ ದ್ರವ್ಯಗಳಿಂದ ಮಾಡಿದವೂ ಉಂಟು. ಆದರೆ ಆಹಾರದ ಪೊಟ್ಟಣದ ಮೇಲಿರುವ ಹಸಿರು ಚುಕ್ಕೆ ಈ ಡಬ್ಬಿಗಳ ಮೇಲಿರುವುದಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಹಿಂದೆಮುಂದೆ ತಿರುಗಿಸಿ ನೋಡುವ ಗೃಹಿಣಿಯು ಇಲ್ಲಿ ಏನನ್ನೂ ಕೇಳುವುದಿಲ್ಲ, ಏಕೆಂದರೆ ಇದು ಬಾಯಿಗೆ ಹೋಗುವ ವಸ್ತುವಲ್ಲ. ಅಹಿಂಸೆಯು ನಾಲಗೆಗೆ ಮಾತ್ರ ಸಂಬಂಧಪಟ್ಟ ವ್ರತವೇ?

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಇಂದು ಕಾರುಗಳಲ್ಲಿ ‘ಲೆದರ್’ ಎಂದು ಕರೆಯಿಸಿಕೊಳ್ಳುವ ಆಸನಗಳಲ್ಲಿ ಎಷ್ಟೋ ನಿಜವಾದ ತೊಗಲಲ್ಲ. ಬಟ್ಟೆಯ ಮೇಲೆ ಪಿವಿಸಿ ಅಥವಾ ಪಾಲಿಯುರೇಥೇನ್ ಲೇಪಿಸಿದ, ಹಳಬರು ರೆಕ್ಸಿನ್ ಎನ್ನುವ ಜಾತಿಯ ವಸ್ತು. ಅದಕ್ಕೆ ಎಣ್ಣೆಯನ್ನು ಹೀರುವ ಶಕ್ತಿಯೇ ಇಲ್ಲ. ನಿಜವಾದ ತೊಗಲಿನ ಆಸನವಾದರೂ ಸಾಮಾನ್ಯವಾಗಿ ಮೇಲೆ ಬಣ್ಣವೂ ಅದರ ಮೇಲೊಂದು ಪ್ಲಾಸ್ಟಿಕ್ಕಿನ ತೆಳುಪೊರೆಯೂ ಇರುತ್ತವೆ. ತಿಕ್ಕಿದ ಎಣ್ಣೆ ಆ ಪೊರೆಯನ್ನು ದಾಟಿ ಒಳಗಿಳಿಯುವುದು ಅತ್ಯಲ್ಪ. ಉಳಿದುದು ಮೇಲೆಯೇ ನಿಂತು ಧೂಳನ್ನು ಹಿಡಿಯುತ್ತದೆ. ಇಂಥ ಆಸನಕ್ಕೆ ಬೇಕಾದುದು ಸೌಮ್ಯ ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಮೃದುವಾದ ಬಟ್ಟೆ, ಅನಂತರ ಒಣಬಟ್ಟೆ, ಮಧ್ಯಾಹ್ನದಲ್ಲಿ ನೆರಳು. ಅಂದಮೇಲೆ ರೆಕ್ಸಿನ್ ಆಸನದ ಒಡೆಯನು ಮಾಡುತ್ತಿರುವುದೇನು? ಚರ್ಮದ ದೋಷದಿಂದ ಹೇಗೋ ಪಾರಾದವನು ಹಣ ಕೊಟ್ಟು ದನದ ಮೂಳೆಯ ಜಿಡ್ಡನ್ನು ತಂದು ಪ್ಲಾಸ್ಟಿಕ್ಕಿಗೆ ಸವರಿಕೊಳ್ಳುತ್ತಿರಬಹುದು.

ಮಳೆಗಾಲದ ಸಂಗತಿ ಬೇರೆಯೇ ಇದೆ. ವಾರಗಟ್ಟಲೆ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ತೊಗಲಿನ ಮೇಲೆ ಬೂಷ್ಟು ಹಿಡಿಯುತ್ತದೆ. ಮುನಿಗಳು ಜೀವರಕ್ಷಣೆಗೆಂದು ಒಂದೆಡೆ ನೆಲೆನಿಂತು ಚಾತುರ್ಮಾಸ ಆಚರಿಸುವ ಅದೇ ತಿಂಗಳುಗಳಲ್ಲಿ ಶ್ರಾವಕನು ಸತ್ತ ಜೀವಿಯೊಂದರ ಮೈಮೇಲೆ ಹುಟ್ಟಿದ ಹೊಸ ಜೀವರಾಶಿಯನ್ನು ರಾಸಾಯನಿಕದಿಂದ ಒರೆಸಿ ಕೊಲ್ಲಿಸುತ್ತಾನೆ. ತೊಗಲಿನ ಪಾತ್ರೆಯಲ್ಲಿಟ್ಟ ನೀರು, ತುಪ್ಪ, ಎಣ್ಣೆಗಳನ್ನು ಬಳಸುವುದನ್ನು ಪಂಡಿತ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಮಾಂಸತ್ಯಾಗವ್ರತದ ಅತಿಚಾರಗಳಲ್ಲಿ ಎಣಿಸಿದ್ದಾನೆ. ಹದಿಮೂರನೆಯ ಶತಮಾನದ ಆ ಗೃಹಸ್ಥ ವಿದ್ವಾಂಸನಿಗೆ ಚರ್ಮದ ಸ್ಪರ್ಶವಾದ ನೀರೇ ಸಲ್ಲದಾಗಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಪರಿಚಿತವಾದುದು. ಪ್ರಾಣಿಯನ್ನು ಕೊಲ್ಲುವುದು ಮಾಂಸಕ್ಕಾಗಿ. ತೊಗಲು ಕೇವಲ ಉಪೋತ್ಪನ್ನ. ಕೊಳ್ಳದಿದ್ದರೆ ಅದು ಕೊಳೆತು ಹೋಗುತ್ತದೆ, ಕೊಂಡರೆ ಪಾಪವೇನು ಎಂದು. ವಿದ್ಯಾವಂತರೂ ಈ ಮಾತನ್ನಾಡುತ್ತಾರೆ. ವ್ಯಾಪಾರವನ್ನು ಕುಲವೃತ್ತಿಯಾಗಿ ಮಾಡಿಕೊಂಡು ಬಂದ ಸಮಾಜದವರ ಬಾಯಲ್ಲಿ ಇದನ್ನು ಕೇಳಿದಾಗ ಮಾತ್ರ ಆಶ್ಚರ್ಯವಾಗುತ್ತದೆ. ವಾಣಿಜ್ಯದ ವಿದ್ಯಾರ್ಥಿಯೊಬ್ಬ ವೆಚ್ಚಲೆಕ್ಕದ ಪಾಠದಲ್ಲಿ ಕಲಿಯುವುದೇನು? ಉಪೋತ್ಪನ್ನದ ಮಾರಾಟದಿಂದ ಬಂದ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯಬೇಕು. ಕಸಾಯಿಖಾನೆಯ ಜಮಾಖರ್ಚಿಗೆ ಇದನ್ನೇ ಅನ್ವಯಿಸಿ ನೋಡಿ. ಒಂದು ದನವನ್ನು ಕೊಂಡು ಕಡಿಯಲು ನೂರು ರೂಪಾಯಿ ಖರ್ಚೆಂದು ಭಾವಿಸೋಣ. ತೊಗಲಿಗೆ ಹತ್ತು ರೂಪಾಯಿ ಬಂದರೆ ಮಾಂಸದ ಮೇಲಿನ ಅಸಲು ತೊಂಬತ್ತಕ್ಕೆ ಇಳಿಯುತ್ತದೆ. ಮಾಂಸವನ್ನು ಅಷ್ಟು ಅಗ್ಗವಾಗಿ ಮಾರಬಹುದು, ಇಲ್ಲವೇ ಅಷ್ಟು ಹೆಚ್ಚು ಲಾಭ ಪಡೆಯಬಹುದು. ಆ ಹತ್ತು ರೂಪಾಯಿಯನ್ನು ಕೊಟ್ಟವರು ಯಾರು? ಮಾಂಸವನ್ನು ಕಣ್ಣೆತ್ತಿಯೂ ನೋಡದ ಕಾರಿನ ಒಡೆಯರು! ತೊಗಲಿಗೆ ಗಿರಾಕಿಯೇ ಇಲ್ಲವಾದರೆ ಅದನ್ನು ವಿಲೇವಾರಿ ಮಾಡುವ ಖರ್ಚು ಕೂಡ ಕಟುಕನ ತಲೆಗೇ ಬರುತ್ತದೆ. ಅಂಗಡಿಯ ಲೆಕ್ಕದಲ್ಲಿ ಒಂದು ಪೈಸೆಯನ್ನೂ ತಪ್ಪಿಸದವರು ಇಲ್ಲಿ ಮಾತ್ರ ಖಾತೆಯನ್ನೇ ಮುಚ್ಚಿಡುವುದೇಕೆ?

ಶಾಸ್ತ್ರದ ಲೆಕ್ಕವಂತೂ ಇನ್ನೂ ಸೂಕ್ಷ್ಮ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯಗಳೆಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು: ಇವನ್ನು ಗುಣಿಸಿದರೆ 108 ಎಂಬುದನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಓದಿದ ಮಕ್ಕಳೂ ಬಲ್ಲರು. ಷೋರೂಮಿನಲ್ಲಿ ಬಟ್ಟೆಯ ಆಸನವಿದ್ದರೂ ನೆರೆಮನೆಯವರ ಕಾರನ್ನು ನೆನೆದು ತೊಗಲನ್ನೇ ಆರಿಸುವುದು ಮಾನಕಷಾಯವಲ್ಲದೆ ಮತ್ತೇನು?

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಗೃಹಸ್ಥನು ಹಿಂಸೆಯನ್ನು ಪೂರ್ಣವಾಗಿ ತಪ್ಪಿಸಲಾರ. ಹತ್ತಿಯ ಬೆಳೆಯಲ್ಲಿಯೂ ಹುಳು ಸಾಯುತ್ತದೆ, ರೆಕ್ಸಿನ್ ಬರುವುದು ಮಣ್ಣಿನಲ್ಲಿ ಕರಗದ ಪ್ಲಾಸ್ಟಿಕ್ಕಿನಿಂದ. ಸತ್ಯವೇ. ಆದರೆ ಆಚಾರ್ಯರು ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಿಂದ ಸಂಕಲ್ಪೀ ಹಿಂಸೆಯನ್ನು ಬೇರ್ಪಡಿಸಿದುದು ಈ ಗೊಂದಲ ಬಾರದಿರಲೆಂದೇ. ಹೊಲದಲ್ಲಿ ಹುಳು ಸಾಯುವುದು ಬೆಳೆಗಾರನ ಉದ್ದೇಶವಲ್ಲ. ತೊಗಲು ಮಾತ್ರ ಕೊಂದಲ್ಲದೆ, ಇಲ್ಲವೇ ಸತ್ತುದನ್ನು ಸುಲಿದಲ್ಲದೆ ಬರುವ ವಸ್ತುವಲ್ಲ. ಮಾರುಕಟ್ಟೆಯಲ್ಲಿ ಸತ್ತ ದನದ ತೊಗಲು ಯಾವುದು, ಕೊಂದುದು ಯಾವುದು ಎಂದು ಗಿರಾಕಿಗೆ ಹೇಳುವವರೂ ಇಲ್ಲ.

ರೇಷ್ಮೆಯ ಮಾತೆತ್ತುವವರಿಗೆ ಎದುರಾಡುವಂತಿಲ್ಲ. ಗೂಡಿನೊಳಗಿನ ಜೀವವನ್ನು ಕುದಿನೀರಿನಲ್ಲಿ ಕೊಂದು ತೆಗೆದ ನೂಲನ್ನುಟ್ಟು ಅಭಿಷೇಕಕ್ಕೆ ನಿಲ್ಲುವವರು ಚರ್ಮದ ಬಗ್ಗೆ ಉಪದೇಶಿಸುವುದು ಶೋಭಿಸದು. ಕಾಡುಗೋಡಿಯಿಂದ ಕೋಲಾರದತ್ತ ಹೊರಟರೆ ಹಿಪ್ಪುನೇರಳೆಯ ತೋಟಗಳು ಸಿಗುತ್ತವೆ. ನೋಡಲು ದೂರ ಹೋಗಬೇಕಾಗಿಲ್ಲ.

ಅದೇ ಕಾಡುಗೋಡಿಯಲ್ಲಿರುವ ವೈಟ್‌ಫೀಲ್ಡ್ ರೈಲುನಿಲ್ದಾಣದ ಹಳಿಗಳು ಬಂಗಾರಪೇಟೆ, ಜೋಲಾರಪೇಟೆಗಳನ್ನು ದಾಟಿ ವಾಣಿಯಂಬಾಡಿ, ಆಂಬೂರುಗಳಿಗೆ ಹೋಗುತ್ತವೆ. ಚರ್ಮ ಹದಮಾಡುವ ಕಾರ್ಖಾನೆಗಳಿಗೆ ಹೆಸರಾದ ಊರುಗಳವು. ಅಲ್ಲಿಯ ಪಾಲಾರ್ ನದಿ ಕರ್ನಾಟಕದಲ್ಲೇ ಹುಟ್ಟಿ ಕೋಲಾರದ ಸೀಮೆಯ ಬೇತಮಂಗಲದ ಕೆರೆಯನ್ನು ತುಂಬಿಸಿ ಮುಂದೆ ಸಾಗುವ ನದಿ. ಆ ಕಾರ್ಖಾನೆಗಳ ಕೊಳೆನೀರು ನದಿಗೂ ಹೊಲಗಳಿಗೂ ಸೇರಿ ಕುಡಿಯುವ ನೀರು ಕೆಟ್ಟ ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1996ರ ಆಗಸ್ಟ್ 28ರಂದು ನ್ಯಾಯಾಲಯವು ಹಾನಿ ಮಾಡಿದವರೇ ಪರಿಹಾರ ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿದು, ಅಲ್ಲಿಯ ಕಾರ್ಖಾನೆಗಳಿಗೆ ತಲಾ 10,000 ರೂಪಾಯಿ ದಂಡ ವಿಧಿಸಿತು. ತೊಗಲಿನ ಹಿಂಸೆ ದನವೊಂದಕ್ಕೇ ಮುಗಿಯದೆಂಬುದಕ್ಕೆ ಈ ತೀರ್ಪು ಸಾಕ್ಷಿ. ಆ ಕ್ರೋಮಿಯಂ ನೀರಿನಲ್ಲಿ ಬರಿಗಾಲಲ್ಲಿ ನಿಲ್ಲುವ ಕೂಲಿಯವನನ್ನು ಹೀನಾಯವಾಗಿ ಕಾಣುವುದು ಮಾತ್ರ ಅನ್ಯಾಯ. ಅವನು ಹೊಟ್ಟೆಪಾಡಿಗೆ ನಿಂತಿದ್ದಾನೆ. ಕೊಳ್ಳುವವನಿಗೆ ಅಂಥ ಕಷ್ಟವೇನೂ ಇಲ್ಲ.

ಹಾಗಾದರೆ ಈಗಾಗಲೇ ತೊಗಲಿನ ಆಸನವಿರುವವರು ಏನು ಮಾಡಬೇಕು? ಕಿತ್ತೆಸೆದರೆ ಸತ್ತ ಪ್ರಾಣಿ ಏಳುವುದಿಲ್ಲ. ಮಾರಿದರೆ ದೋಷ ಕೈ ಬದಲಾಯಿಸುತ್ತದಷ್ಟೆ. ಕಾರು ಬಾಳುವಷ್ಟು ಕಾಲ ಒದ್ದೆಬಟ್ಟೆಯಿಂದ ಒರೆಸಿಕೊಂಡು, ಎಣ್ಣೆಯ ಡಬ್ಬಿಗೆ ಹಣ ಸುರಿಯದೆ, ಬೇಕೆನಿಸಿದರೆ ಮೇಲೊಂದು ಹತ್ತಿಬಟ್ಟೆಯ ಗವಸು ಹೊದಿಸಿ ಬಳಸಲಿ. ಬಿರುಕು ಬಿಟ್ಟರೆ ಬಿಡಲಿ. ಒರೆಸುವ ಹುಡುಗನಿಗೆ ಕೊಡುವ ಕೂಲಿಯನ್ನು ಮಾತ್ರ ಕಡಿಮೆ ಮಾಡದಿರಲಿ.

ಹೊಸದಾಗಿ ಕೊಳ್ಳುವವರಿಗೆ ಈ ಸಮಾಧಾನವಿಲ್ಲ; ಬಸದಿಗಳ ಟ್ರಸ್ಟಿನವರಿಗಂತೂ ಖಂಡಿತ ಇಲ್ಲ. ಟ್ರಸ್ಟಿನ ಕಾರಿನಲ್ಲಿ ಪೂಜಾದ್ರವ್ಯಗಳೂ ಶಾಸ್ತ್ರಗ್ರಂಥಗಳೂ ತ್ಯಾಗಿಗಳೂ ಸಾಗುತ್ತಾರೆ, ಅದರ ಹಣ ಶ್ರಾವಕರ ಕಾಣಿಕೆಯದು. ಜಗತ್ತಿನ ಕಾರು ತಯಾರಕರಲ್ಲೇ ಕೆಲವರು ಈ ದಾರಿ ಹಿಡಿದಿದ್ದಾರೆ. ವೋಲ್ವೊ ಸಂಸ್ಥೆಯು ತನ್ನ ಹೊಸ ವಿದ್ಯುತ್ ಕಾರುಗಳಲ್ಲಿ ತೊಗಲನ್ನು ಬಳಸುವುದಿಲ್ಲವೆಂದು 2021ರಲ್ಲಿ ಪ್ರಕಟಿಸಿತು. ಸ್ವೀಡನ್ನಿನ ವ್ಯಾಪಾರಿ ಸಂಸ್ಥೆಗೆ ತೋಚಿದ್ದು ಅಹಿಂಸೆಯನ್ನು ಪರಮಧರ್ಮವೆಂದವರ ಆಡಳಿತ ಮಂಡಳಿಗಳಲ್ಲಿ ಇನ್ನೂ ಚರ್ಚೆಗೆ ಬಂದಿಲ್ಲವೆಂದರೆ ನಾಚಿಕೆಯಾಗಬೇಕು. ಪ್ರತಿಯೊಂದು ಟ್ರಸ್ಟೂ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ, ವಾಹನ ಕೊಳ್ಳುವ ನಿರ್ಣಯದಲ್ಲಿ ‘ಆಸನವು ಬಟ್ಟೆಯದಾಗಿರತಕ್ಕದ್ದು’ ಎಂಬ ಒಂದು ಸಾಲನ್ನು ಬರೆಯಲಿ. ಬರೆಯುವಾಗ ಸ್ಟೀರಿಂಗ್ ಚಕ್ರದ ಹೊದಿಕೆಯನ್ನೂ ಗೇರಿನ ಹಿಡಿಯನ್ನೂ ಮರೆಯಬಾರದು. ಆಸನಕ್ಕೆ ಬಟ್ಟೆ ಹಾಕಿದ ಕಾರುಗಳಲ್ಲಿಯೂ ಅವೆರಡಕ್ಕೆ ತೊಗಲು ಸುತ್ತಿರುವುದುಂಟು, ಚಾಲಕನ ಕೈ ದಿನವಿಡೀ ಇರುವುದೂ ಅವುಗಳ ಮೇಲೆಯೇ.