‘ಬರೀ ಫ್ರೆಂಡ್ಸ್’ ಅನ್ನೋರ ಜೊತೆ ನಂದೊಂದು ಜಗಳ

ಯೂರಿ ಮಾಂಗಾ ಓದ್ತೀನಿ ಅಂತ ಯಾರ ಹತ್ತಿರವಾದರೂ ಹೇಳಿ ನೋಡಿ. ಎರಡರಲ್ಲಿ ಒಂದು ಉತ್ತರ ಗ್ಯಾರಂಟಿ. ಒಂದು, ಪೋಲಿ ನಗು. ಇನ್ನೊಂದು, “ಅದರಲ್ಲೇನಿದೆ ಮಾರಾಯ, ಅವರು ಬರೀ ಫ್ರೆಂಡ್ಸು. ಆ ವಯಸ್ಸಲ್ಲಿ ಹುಡುಗೀರು ಹಾಗೇ ಇರ್ತಾರೆ, ಆಮೇಲೆ ಸರಿ ಹೋಗ್ತಾರೆ” ಅನ್ನೋ ಸಮಾಧಾನ. ಪೋಲಿ ನಗೋರಿಗೆ ಕನಿಷ್ಠ ಅಲ್ಲಿ ಏನೋ ಇದೆ ಅಂತಾದರೂ ಗೊತ್ತು. ನನ್ನ ಜಗಳ ಇರೋದು ಈ ಎರಡನೇ ಗುಂಪಿನ ಸಭ್ಯಸ್ಥರ ಜೊತೆ. ಯಾಕಂದ್ರೆ ಇವರು ಕಣ್ಣೆದುರು ಇರೋದನ್ನೇ ಇಲ್ಲ ಅಂತಾರೆ, ಅದೂ ಬಹಳ ಪ್ರೀತಿಯಿಂದ.

ಗೊತ್ತಿಲ್ಲದವರಿಗೆ ಎರಡು ಮಾತು. ಮಾಂಗಾ ಅಂದ್ರೆ ಮಂಗನೂ ಅಲ್ಲ, ಮಾವಿನಕಾಯಿಯೂ ಅಲ್ಲ, ಜಪಾನಿನ ಕಾಮಿಕ್ಸ್. ಯೂರಿ ಅಂದ್ರೆ ಜಪಾನಿ ಭಾಷೆಯಲ್ಲಿ ಲಿಲ್ಲಿ ಹೂವು. ಗಂಡಸರನ್ನು ಪ್ರೀತಿಸುವ ಗಂಡಸರಿಗಾಗಿ ‘ಬಾರಾಜೋಕು’ ಅಂತ ಒಂದು ಪತ್ರಿಕೆ 1971ರಲ್ಲಿ ಶುರುವಾಗಿತ್ತು. ಹೆಸರಿನ ಅರ್ಥ ಗುಲಾಬಿ ಬಳಗ. 1976ರಲ್ಲಿ ಅದರ ಸಂಪಾದಕ ಇತೋ ಬುಂಗಾಕು, ಹೆಂಗಸರನ್ನು ಪ್ರೀತಿಸುವ ಹೆಂಗಸರ ಪತ್ರಗಳಿಗೆ ಅಂತ ಒಂದು ಅಂಕಣ ಕೊಟ್ಟು, ಅವರನ್ನು ಲಿಲ್ಲಿ ಬಳಗ ಅಂತ ಕರೆದರು. ಹೆಸರು ಅಲ್ಲಿಂದ ಬಂತು. ಈಗ ಹುಡುಗಿಯರ ನಡುವಿನ ನವಿರು ಒಲವಿನ ಕತೆಗಳಿಗೆಲ್ಲ ಯೂರಿ ಅನ್ನೋದೇ ಹೆಸರು. ಅಂದ್ರೆ ಸ್ವಾಮಿ, ಈ ಪದ ಹುಟ್ಟಿದ್ದೇ ಪ್ರೇಮವನ್ನು ಹೇಳೋಕೆ. ‘ಬರೀ ಫ್ರೆಂಡ್ಸ್’ಗೆ ಇನ್ನೊಂದು ಹೆಸರು ಬೇಕಿರಲಿಲ್ಲ.

ಈಗ “ಆ ವಯಸ್ಸಲ್ಲಿ ಹಾಗೇ” ಅನ್ನೋ ಮಾತಿಗೆ ಬರೋಣ. ಇದು ನಮ್ಮ ಸಭ್ಯಸ್ಥರ ಸ್ವಂತ ಸಂಶೋಧನೆ ಅಲ್ಲ, ನೂರು ವರ್ಷಕ್ಕೂ ಹಳೇ ಮಾಲು. 1899ರ ಸರ್ಕಾರಿ ಆದೇಶದ ನಂತರ ಜಪಾನಿನಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆಗಳು ಎಲ್ಲ ಕಡೆ ಎದ್ದವು, ಜೊತೆಗೆ ಹಾಸ್ಟೆಲುಗಳು. ಅಲ್ಲಿ ಹಿರಿಯ ಹುಡುಗಿ ಕಿರಿಯ ಹುಡುಗಿಯರ ನಡುವೆ ಪತ್ರ, ಉಡುಗೊರೆ, ಕಣ್ಣೀರು ಎಲ್ಲ ನಡೀತಿತ್ತು. ಅದಕ್ಕೆ ‘ಎಸ್’ ಅಂತ ಹೆಸರು, ಸಿಸ್ಟರ್ ಅನ್ನೋದರ ಮೊದಲ ಅಕ್ಷರ. ದೊಡ್ಡವರು ಇದನ್ನು ಬಹಳ ಮಟ್ಟಿಗೆ ಸಹಿಸಿಕೊಂಡರು. ಯಾಕೆ? ಶಾಲೆ ಮುಗಿದ ಮೇಲೆ ಮದುವೆ, ಅಲ್ಲಿಗೆ ಇದೂ ಮುಗಿಯುತ್ತೆ ಅನ್ನೋ ಷರತ್ತಿನ ಮೇಲೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರೇಮಕ್ಕೊಂದು ಸೆಷನ್ ಟೈಮ್‌ಔಟ್ ಇಟ್ಟಿದ್ದರು. ಆದರೆ 1911ರಲ್ಲಿ ಶಾಲೆ ಮುಗಿಸಿದ ಇಬ್ಬರು ಗೆಳತಿಯರು ನೀಗಾತದ ಕಡಲಲ್ಲಿ ಒಟ್ಟಿಗೆ ಪ್ರಾಣ ಬಿಟ್ಟಾಗ, ಈ ಟೈಮ್‌ಔಟ್ ಎಲ್ಲರ ವಿಷಯದಲ್ಲೂ ಕೆಲಸ ಮಾಡಲ್ಲ ಅನ್ನೋದು ಇಡೀ ದೇಶಕ್ಕೆ ಗೊತ್ತಾಯ್ತು.

ಈ ‘ಎಸ್’ ಕತೆಗಳ ದೊಡ್ಡ ಹೆಸರು ಯೋಶಿಯಾ ನೊಬುಕೊ. 1916ರಿಂದ ಹುಡುಗಿಯರ ಪತ್ರಿಕೆಯೊಂದರಲ್ಲಿ ‘ಹನಾ ಮೊನೊಗತಾರಿ’, ಅಂದ್ರೆ ಹೂವಿನ ಕತೆಗಳು, ಬರೆದವರು. ಒಂದೊಂದು ಕತೆಗೂ ಒಂದೊಂದು ಹೂವಿನ ಹೆಸರು. ಹಂಬಲ, ಅಗಲಿಕೆ, ಮತ್ತೆ ಹಂಬಲ. ಇವತ್ತಿನ ಯೂರಿ ಮಾಂಗಾದ ಅಜ್ಜಿಮನೆ ಇದು. ಎಲ್ಲ ಶಾಲೆಯ ಗೇಟಿನೊಳಗೇ ಮುಗಿಯುವ ಕತೆಗಳು ಅಂತ ಜನ ಇವನ್ನೇ ತೋರಿಸೋದು. ಆದರೆ ಆಕೆ ಹೇಗೆ ಬದುಕಿದರು ಗೊತ್ತಾ? 1923ರಲ್ಲಿ ಮೊನ್ಮಾ ಚಿಯೊ ಅನ್ನೋ ಗಣಿತದ ಟೀಚರ್ ಪರಿಚಯವಾಯ್ತು. 1973ರಲ್ಲಿ ಯೋಶಿಯಾ ತೀರಿಕೊಳ್ಳೋವರೆಗೂ ಇಬ್ಬರ ಸಂಬಂಧ ಬಿಡಲಿಲ್ಲ. ಐವತ್ತು ವರ್ಷ! ಕಾನೂನಿನಲ್ಲಿ ಮದುವೆಗೆ ಜಾಗ ಇರಲಿಲ್ಲ. ಅದಕ್ಕೇ 1957ರಲ್ಲಿ ಯೋಶಿಯಾ ಚಿಯೊ ಅವರನ್ನು ದತ್ತು ತಗೊಂಡರು. ಸಂಗಾತಿಯನ್ನು ಕಾಗದದ ಮೇಲೆ ಮಗಳು ಅಂತ ಬರೆಸಬೇಕಾಯ್ತು, ಮನೆ ಆಸ್ತಿ ಆಕೆಗೆ ಉಳಿಯಲಿ ಅಂತ. ಐವತ್ತು ವರ್ಷದ ಈ ‘ಹಂತ’ ಯಾವ ವಯಸ್ಸಿಗೆ ಮುಗಿಯಬೇಕಿತ್ತು ಅಂತ ಯಾರಾದ್ರೂ ನನಗೆ ಹೇಳಿ.

ಮಾಂಗಾಕ್ಕೆ ಬಂದ್ರೆ, ಮೊದಲ ಯೂರಿ ಮಾಂಗಾಗಳಲ್ಲಿ ಒಂದು ಅಂತ ಎಣಿಸೋದು 1971ರಲ್ಲಿ ಯಾಮಗಿಶಿ ರಿಯೊಕೊ ಬರೆದ ‘ಶಿರೋಯಿ ಹೇಯಾ ನೊ ಫುತಾರಿ’, ಬಿಳಿ ಕೋಣೆಯ ಇಬ್ಬರು. ಫ್ರಾನ್ಸಿನ ಹಾಸ್ಟೆಲ್, ಇಬ್ಬರು ಹುಡುಗಿಯರು, ಪ್ರೀತಿ, ಕೊನೆಗೆ ಒಬ್ಬಳ ಸಾವು. 1970ರ ದಶಕದ ಎಷ್ಟೋ ಕತೆಗಳು ಇದೇ ಅಚ್ಚಿನವು. ಪ್ರೀತಿಸಿದರೆ ಸಾಯಬೇಕು, ಸಾಯದಿದ್ದರೆ ಮರೆಯಬೇಕು. ನನಗೇನೋ ಈ ಸಾವು ಮತ್ತು ‘ಬರೀ ಫ್ರೆಂಡ್ಸ್’ ಎರಡೂ ಒಂದೇ ಕೆಲಸ ಮಾಡ್ತವೆ ಅನ್ಸುತ್ತೆ. ಒಂದು ಪ್ರೇಮವನ್ನು ಕೊಂದು ಮುಗಿಸುತ್ತೆ, ಇನ್ನೊಂದು ಹೆಸರು ಬದಲಿಸಿ ಮುಗಿಸುತ್ತೆ.

ಹೆಸರು ಬದಲಿಸೋದರಲ್ಲಿ ಅಮೆರಿಕದವರನ್ನು ಮೀರಿಸಿದವರಿಲ್ಲ ಬಿಡಿ. ತಾಕೆಉಚಿ ನಾವೊಕೊ ಅವರ ‘ಸೇಲರ್ ಮೂನ್’ನಲ್ಲಿ ಹಾರುಕಾ, ಮಿಚಿರು ಅಂತ ಇಬ್ಬರಿದ್ದಾರೆ. ಒಬ್ಬಳು ರೇಸ್ ಓಡಿಸ್ತಾಳೆ, ಒಬ್ಬಳು ಪಿಟೀಲು ನುಡಿಸ್ತಾಳೆ, ಇಬ್ಬರೂ ಜೋಡಿ. ಸಣ್ಣ ಹುಡುಗಿಯರ ಪತ್ರಿಕೆಯಲ್ಲಿ ಬಂದ ಮಾಂಗಾ ಅದು, ಜಪಾನಿನ ಮಕ್ಕಳು ಆರಾಮಾಗಿ ಓದಿದರು. ಅದರ ಅನಿಮೆ 2000ದಲ್ಲಿ ಇಂಗ್ಲಿಷ್ ಡಬ್ಬಿಂಗ್ ಆಗಿ ಅಮೆರಿಕದ ಟೀವಿಗೆ ಬಂದಾಗ, ಇವರಿಬ್ಬರೂ ಕಸಿನ್ಸ್ ಆಗಿಬಿಟ್ಟಿದ್ದರು! ಚಿತ್ರ ಅದೇ, ನೋಟ ಅದೇ, ಕೈ ಹಿಡಿಯೋದೂ ಅದೇ, ಸಂಬಂಧ ಮಾತ್ರ ಬೇರೆ. ಪಾಪ, ಡಬ್ಬಿಂಗ್‌ನವರಿಗೆ ನಮ್ಮ ಕಡೆ ವಿಷಯ ಗೊತ್ತಿರಲಿಲ್ಲ. ಇಲ್ಲಿ ಸೋದರಮಾವನ ಮಗಳು ಅಂದ ತಕ್ಷಣ ಮದುವೆ ಮಾತೇ ಶುರುವಾಗೋದು :) 2014ರಿಂದ ಬಂದ ಹೊಸ ಡಬ್ಬಿಂಗ್‌ನಲ್ಲಿ ಈ ತಮಾಷೆ ತೆಗೆದು ಅವರನ್ನು ಮತ್ತೆ ಜೋಡಿ ಮಾಡಿದರು.

“ಸರಿ ಮಾರಾಯ, ಆದ್ರೆ ಇದೆಲ್ಲ ಗಂಡಸರ ಚಪಲಕ್ಕೆ ಬರೆಯೋದಲ್ವಾ?” ಅನ್ನೋ ಬುದ್ಧಿವಂತರಿಗೂ ಒಂದು ಮಾತು. ಅಂಥದ್ದೂ ಇದೆ, ಇಲ್ಲ ಅನ್ನಲ್ಲ. ಆದರೆ ಲೆಕ್ಕ ನೋಡಿ. ಯೂರಿಗೇ ಮೀಸಲಾದ ‘ಯೂರಿ ಹಿಮೆ’ ಪತ್ರಿಕೆ ಬಂದಿದ್ದು 2005ರಲ್ಲಿ. ಗಂಡು ಓದುಗರಿಗೆ ಅಂತ ‘ಯೂರಿ ಹಿಮೆ ಎಸ್’ ಅನ್ನೋ ಬೇರೆ ಪತ್ರಿಕೆ ತಂದಿದ್ದು 2007ರಲ್ಲಿ, 2010ರಲ್ಲಿ ಅದನ್ನು ಮೊದಲನೆಯದರಲ್ಲೇ ಸೇರಿಸಿಬಿಟ್ಟರು. ಇಡೀ ಪ್ರಕಾರ ಗಂಡಸರಿಗೇ ಆಗಿದ್ದಿದ್ದರೆ ಅವರಿಗೊಂದು ಬೇರೆ ಪತ್ರಿಕೆ ಯಾಕೆ ಬೇಕಿತ್ತು? ನೂರು ವರ್ಷ ಹಿಂದೆ ಈ ಕತೆ ಶುರು ಮಾಡಿದ್ದೂ ಹೆಣ್ಣು, ಇಲ್ಲಿವರೆಗೆ ಹೆಸರಿಸಿದ ಮಾಂಗಾ ಬರೆದವರೂ ಹೆಂಗಸರೇ.

ನನ್ನ ಪಕ್ಷದ ದೊಡ್ಡ ಸಾಕ್ಷಿ ನಾಕಾತಾನಿ ನಿಯೊ ಅವರ ‘ಯಾಗತೆ ಕಿಮಿ ನಿ ನಾರು’, 2015ರಿಂದ 2019ರವರೆಗೆ ಬಂದ ಮಾಂಗಾ. ಇದರಲ್ಲಿ ಸಾಯಾಕಾ ಅನ್ನೋ ಹುಡುಗಿ ಇದ್ದಾಳೆ. ಶಾಲೆಯಲ್ಲಿ ಹಿರಿಯ ಹುಡುಗಿಯೊಬ್ಬಳು ತಾನಾಗೇ ಬಂದು ಇವಳಿಗೆ ಪ್ರೀತಿ ಹೇಳ್ತಾಳೆ. ಇವಳು ಅದನ್ನು ನಂಬಿ, ನಿಜವಾಗಿ ಪ್ರೀತಿಸೋಕೆ ಶುರು ಮಾಡಿದ ಮೇಲೆ, ಅವಳೇ ಬಂದು ನಾವಿನ್ನು ಚಿಕ್ಕವರಲ್ಲ, ಇದೆಲ್ಲ ಸಾಕು ಅಂತ ಎದ್ದು ಹೋಗ್ತಾಳೆ. ಎಷ್ಟೋ ದಿನ ಆದ್ಮೇಲೆ ಸಿಕ್ಕಾಗ ಕ್ಷಮೆ ಬೇರೆ ಕೇಳ್ತಾಳೆ, ನೀನು ಈಗ ಮಾಮೂಲಿ ಹುಡುಗಿ ಆಗಿದ್ದೀಯ ತಾನೇ ಅನ್ನೋ ಧಾಟಿಯಲ್ಲಿ. ಸಾಯಾಕಾ ಜಗಳ ಆಡಲ್ಲ. ಪಕ್ಕದಲ್ಲಿದ್ದ ತೋಕೊಳ ತೋಳು ಹಿಡ್ಕೋತಾಳೆ, ಅಷ್ಟೇ. “ಆ ವಯಸ್ಸಲ್ಲಿ ಹಾಗೇ” ಅನ್ನೋ ಮಾತು ಅದನ್ನು ಹೇಳೋರಿಗೆ ಸಮಾಧಾನ. ಕೇಳಿಸ್ಕೊಳ್ಳೋಳಿಗೆ ಏನಾಗುತ್ತೆ ಅಂತ ಆ ಪುಟಗಳನ್ನು ನೋಡಿ. ಅದೇ ಮಾಂಗಾದಲ್ಲಿ ಒಂದು ಕಾಫಿ ಅಂಗಡಿ ಇದೆ. ಅದನ್ನು ನಡೆಸೋ ಮಿಯಾಕೊ, ಶಾಲೆಯ ಟೀಚರ್ ಒಬ್ಬರ ಸಂಗಾತಿ. ಇಬ್ಬರೂ ದೊಡ್ಡವರು, ಕೆಲಸಕ್ಕೆ ಹೋಗೋರು. ಸಾಯಾಕಾ ತನ್ನ ಮನಸ್ಸು ಬಿಚ್ಚೋದು ಈ ಮಿಯಾಕೊ ಹತ್ತಿರ. ಶಾಲೆಯ ಗೇಟಿನಾಚೆಗೂ ಬದುಕು ಇದೆ ಅಂತ ಹೇಳೋಕೆ ಲೇಖಕಿಗೆ ಭಾಷಣ ಬೇಕಾಗಲಿಲ್ಲ, ಒಂದು ಕಪ್ ಕಾಫಿ ಸಾಕಾಯ್ತು.

ದೊಡ್ಡವರ ಕತೆಯೇ ಬೇಕು ಅಂದ್ರೆ ಯುಝಾಕಿ ಸಾಕಾಓಮಿ ಅವರ ‘ತ್ಸುಕುರಿತಾಯ್ ಒನ್ನಾ ತೊ ತಾಬೆತಾಯ್ ಒನ್ನಾ’ ಓದಿ. ಅಡುಗೆ ಮಾಡೋ ಹುಚ್ಚಿನ ಹೆಂಗಸು, ಹೊಟ್ಟೆತುಂಬ ಉಣ್ಣೋ ಹೆಂಗಸು, ಇಬ್ಬರೂ ಒಂದೇ ಕಟ್ಟಡದಲ್ಲಿ ಬಾಡಿಗೆಗಿರೋರು. ಮೊದಲು ಊಟ, ಆಮೇಲೆ ಸ್ನೇಹ, ಆಮೇಲೆ ಪ್ರೀತಿ. ಅಡುಗೆ ಮಾಡೋಳಿಗೆ ತಾನು ಲೆಸ್ಬಿಯನ್ ಅನ್ನೋದು ನಿಧಾನಕ್ಕೆ ಅರ್ಥ ಆಗುತ್ತೆ, ಮತ್ತೆ ಆ ಪದವನ್ನೇ ಬಳಸ್ತಾಳೆ. 2022ರಲ್ಲಿ ಎನ್‌ಎಚ್‌ಕೆ ಇದನ್ನು ಟೀವಿ ಧಾರಾವಾಹಿ ಮಾಡಿತು. ಸರ್ಕಾರಿ ದೂರದರ್ಶನದಂಥ ಚಾನೆಲ್ಲೇ ಆ ಪದ ಹೇಳಿದ ಮೇಲೆ ನಮ್ಮ ಸಭ್ಯಸ್ಥರಿಗೇನು ಕಷ್ಟ?

ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಇಬ್ಬರು ಹುಡುಗಿಯರು ಕೈ ಹಿಡಿದು ನಡೆದ ಕೂಡಲೇ ಅದು ಪ್ರೇಮ ಅಂತ ನಾನು ಹೇಳ್ತಿಲ್ಲ. ಕೊನ್ನೊ ಒಯುಕಿ ಅವರ ‘ಮಾರಿಯಾ-ಸಾಮಾ ಗಾ ಮಿತೆರು’ ಕಾದಂಬರಿಗಳಲ್ಲಿ ಹಿರಿಯಳು ಕಿರಿಯಳಿಗೆ ಜಪಮಾಲೆ ಕೊಟ್ಟು ತಂಗಿ ಮಾಡ್ಕೋತಾಳೆ. ಅಲ್ಲಿ ಬಹಳಷ್ಟು ಜೋಡಿಗಳದ್ದು ಅಕ್ಕರೆಯೇ. ಆದರೆ ಸೇಯಿ ಅನ್ನೋಳು ಶಿಯೊರಿಗಾಗಿ ಪಡೋ ಪಾಡು ಅಕ್ಕರೆ ಅಲ್ಲ, ಓದಿದವರಿಗೆಲ್ಲ ಗೊತ್ತು. ಸ್ನೇಹ ಇದ್ದ ಕಡೆ ಸ್ನೇಹ ಅನ್ನಿ, ಪ್ರೇಮ ಇದ್ದ ಕಡೆ ಪ್ರೇಮ ಅನ್ನಿ. ಇನ್ನೊಂದು, ಈ ‘ಬರೀ’ ಅನ್ನೋ ಪದ ಇದೆಯಲ್ಲ, ಅದು ಸ್ನೇಹಕ್ಕೂ ಮಾಡೋ ಅವಮಾನ.

“ಜಪಾನಿನ ಕಾಮಿಕ್ಸಿಗೆ ಇಷ್ಟು ತಲೆ ಕೆಡಿಸ್ಕೋಬೇಕಾ?” ಅಂತ ಕೇಳ್ತೀರಿ. ಕಾಮಿಕ್ಸಿನ ಹುಡುಗಿಯರಿಗೆ ನಿಮ್ಮ ಮಾತು ಕೇಳಿಸಲ್ಲ, ನಿಜ. ಆದರೆ “ಆಮೇಲೆ ಸರಿ ಹೋಗ್ತಾರೆ” ಅನ್ನೋ ವಾಕ್ಯ ಪುಸ್ತಕದಲ್ಲೇ ಕೂತಿರಲ್ಲ. ಅದು ಮನೆಗೆ ಬರುತ್ತೆ, ಮಗಳ ಜಾತಕ ಹಿಡ್ಕೊಂಡು ಓಡಾಡುತ್ತೆ, “ಮದುವೆ ಆದ್ರೆ ಎಲ್ಲ ಮರೀತಾಳೆ” ಅನ್ನುತ್ತೆ. ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ ಇಂಥ ಪ್ರೀತಿ ಅಪರಾಧ ಅಲ್ಲ ಅಂತು, 2023ರಲ್ಲಿ ಮದುವೆಯ ಹಕ್ಕು ಕೊಡೋದು ತನ್ನ ಕೈಲಿಲ್ಲ, ಅದು ಸಂಸತ್ತಿನ ಕೆಲಸ ಅಂತು. ಜಪಾನಿನಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ 2021ರಲ್ಲಿ ಇಂಥ ಮದುವೆಗೆ ಮಾನ್ಯತೆ ಕೊಡದಿರೋದು ಸಂವಿಧಾನಕ್ಕೆ ವಿರುದ್ಧ ಅಂತು. ಕೋರ್ಟುಗಳು ಅವುಗಳ ವೇಗದಲ್ಲಿ ಬರ್ತವೆ. ಓದುಗರಾದ ನಮ್ಮ ಕೈಲಿರೋದು ಒಂದೇ, ಪುಟದ ಮೇಲೆ ಬರೆದಿರೋದನ್ನ ಬರೆದ ಹಾಗೇ ಓದೋದು. ಅದಕ್ಕೂ ಧೈರ್ಯ ಇಲ್ಲ ಅಂದ್ರೆ ದಯವಿಟ್ಟು ಬೇರೆ ಮಾಂಗಾ ಓದಿ, ಅಡುಗೆದೋ ಫುಟ್‌ಬಾಲಿನದೋ ಬೇಕಾದಷ್ಟಿವೆ. ಇವರ ಪ್ರೀತಿಗೆ ನೀವು ಎಕ್ಸ್‌ಪೈರಿ ಡೇಟ್ ಹಾಕೋದು ಬೇಡ.